ಜೋಗುಳವಿಲ್ಲದ ಗುಡ್ಡ

ರ್ಯೂಕ್ಯೂ ದ್ವೀಪದ ತೆಂಕಣ ಕರಾವಳಿಯಲ್ಲಿ, ನಮ್ಮ ಬಂದರಿನ ಬೆನ್ನಿಗೆ, ಹವಳದ ಕಲ್ಲಿನ ಬೋಳು ಗುಡ್ಡವೊಂದಿದೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತುವ ತಾಯಂದಿರು ಅದರ ಬುಡದಲ್ಲೇ ಹಾಡು ನಿಲ್ಲಿಸುತ್ತಾರೆ. ನೆತ್ತಿಯಲ್ಲಿ ಬಾಯಿ ತೆರೆದಂತಿರುವ ಬಂಡೆಯಿದೆ. ಜೋಗುಳವಿಲ್ಲದ ಗುಡ್ಡವೆಂಬ ಹೆಸರು ಹೇಗೆ ಬಂತೆಂದು ದೊಡ್ಡ ಮನೆತನದವರನ್ನು ಕೇಳಿದರೆ ಮಾತು ಹಾರಿಸುತ್ತಾರೆ. ನನಗೇನು ಭಯ? ಹೇಳುತ್ತೇನೆ.

ಹಿಂದೆ ನಮ್ಮ ದೊರೆ ಜಪಾನಿನ ಒಡೆಯರಿಗೆ ಗುಟ್ಟಾಗಿ ಕಪ್ಪ ಕೊಡುತ್ತಿದ್ದ. ದೊರೆಗೆ ಪಟ್ಟ ಕಟ್ಟುತ್ತಿದ್ದ ಚೀನಾದ ಚಕ್ರವರ್ತಿಗೆ ತಿಳಿದರೆ ಆ ಪಟ್ಟವೇ ಹೋದೀತೆಂಬ ಹೆದರಿಕೆ. ಆದ್ದರಿಂದ ಚೀನಾದ ರಾಯಭಾರಿ ಬಂದಾಗಲೆಲ್ಲ ಜಪಾನಿನ ಪಾತ್ರೆ, ಬಟ್ಟೆ, ಕಡೆಗೆ ಆ ಭಾಷೆ ಬಲ್ಲ ಜನರನ್ನೂ ಮರೆಮಾಡುತ್ತಿದ್ದರು. ಒಂದು ಸಲ ಆ ಕೆಲಸ ಹಮಗಾವನೆಂಬ ಕುಲೀನ ಅಧಿಕಾರಿಯ ಹೆಗಲಿಗೆ ಬಿತ್ತು. ಆಗಿನ್ನೂ ಕೆಳದರ್ಜೆಯ ಹಳದಿ ಪೇಟದವನು, ಕೆಲಸ ಗೆದ್ದರೆ ಮಂತ್ರಿಯ ನೇರಳೆ ಪೇಟ, ಜುಟ್ಟಿಗೆ ಚಿನ್ನದ ಕಡ್ಡಿ. ತಪ್ಪಿದರೆ ತಲೆಯೇ ಹೋಗುವುದು. ಬಂದರಿನಲ್ಲಿ ಜಪಾನಿ ಮಾತು ಬಲ್ಲವರನ್ನೆಲ್ಲ ಅವನು ಈ ಗುಡ್ಡದ ಹಿಂದೆ ಕೂಡಿಹಾಕಿದ. ಅವರಲ್ಲಿ ಜಪಾನಿ ನಾವಿಕನ ವಿಧವೆ ನಬೀಯೂ ಇದ್ದಳು. ತಾಯಿಯಿಲ್ಲದ ಹಮಗಾವನಿಗೆ ಹಾಲೂಡಿಸಿ, ಗಂಡನ ಊರಿನ ಜೋಗುಳ ಹಾಡಿ ಸಾಕಿದವಳು ಅವಳೇ.

ರಾಯಭಾರಿಗೆ ಗುಡ್ಡದ ಮೇಲಿಂದ ಕಡಲು ನೋಡುವ ಚಪಲ ಹತ್ತಿತು. ಬೇಡವೆನ್ನಲಾರದೆ ಹಮಗಾವನೂ ಜೊತೆಗೆ ಹತ್ತಿದ, ಕೈಕಾಲು ನಡುಗುತ್ತಿದ್ದವು. ಕೆಳಗಿನಿಂದ ನಬೀ ಅದನ್ನು ಕಂಡಳು. ಪಾಪ, ಅವಳಿಗೆ ರಾಜಕಾರಣ ಎಲ್ಲಿಂದ ತಿಳಿಯಬೇಕು! ಅವನು ಮಗುವಾಗಿದ್ದಾಗ ನಡುಗಿದರೆ ಹಾಡುತ್ತಿದ್ದಳಲ್ಲ, ಹಾಗೇ ಹಾಡಿಬಿಟ್ಟಳು.

“ಯಾರದು? ಯಾವ ಭಾಷೆ?” ರಾಯಭಾರಿ ಕಿವಿಗೊಟ್ಟ.

“ಭಾಷೆಯಲ್ಲ ಸ್ವಾಮಿ. ನಾಲಿಗೆಯಿಲ್ಲದ ಮುದುಕಿ, ಹೀಗೇ ಊಳಿಡುತ್ತಾಳೆ.”

“ಹೌದೇ? ನಾನು ಊರಿಗೆ ಹೊರಡುವ ಮುನ್ನ ಕರೆತಾ, ನೋಡೋಣ.”

ಆಡಿದ ಸುಳ್ಳನ್ನು ಹಮಗಾವ ನಿಜ ಮಾಡಿಸಿದ. ಕಟುಕ ಕತ್ತಿ ಹಿಡಿದಾಗ ನಬೀಯ ತಲೆಯನ್ನು ತೊಡೆಯ ಮೇಲಿಟ್ಟು ಅದುಮಿದವನು ಅವನೇ. “ಅಮ್ಮಾ, ಅಲುಗಬೇಡ, ಹೆಚ್ಚು ನೋವಾಗುತ್ತದೆ” ಎಂದನಂತೆ. ಅವನ ಕರುಣೆಗೆ ಬೆಂಕಿ ಬೀಳ! ಗಾಯ ಮಾಗಿದ ಮೇಲೆ ಅವಳನ್ನು ರಾಯಭಾರಿಯ ಮುಂದೆ ನಿಲ್ಲಿಸಿದರು. ಆ ಪುಣ್ಯಾತ್ಮನಿಗೆ ತಾನು ಕೇಳಿದ್ದೇ ನೆನಪಿರಲಿಲ್ಲ. ಒಮ್ಮೆ ನೋಡಿ, ಚಹಾ ತರಲು ಹೇಳಿದ.

ನೇರಳೆ ಪೇಟ ಬಂತು, ಚಿನ್ನದ ಕಡ್ಡಿ ಬಂತು, ನಿದ್ದೆ ಮಾತ್ರ ಹೋಯಿತು. ವೈದ್ಯರ ಮದ್ದೆಲ್ಲ ಕುಡಿದು ಸೋತ ಮಂತ್ರಿ ಕೊನೆಗೆ ಗುಡ್ಡ ಹತ್ತಿ ಬಂದು, ನೆತ್ತಿಯಲ್ಲಿ ಕೂತಿದ್ದ ನಬೀಯ ಕಾಲು ಹಿಡಿದ. “ಅಮ್ಮಾ, ಒಂದೇ ಒಂದು ಸಲ ಹಾಡೇ.” ಅವಳು ಅವನ ತಲೆಯನ್ನು ತೊಡೆಗೆ ಎಳೆದುಕೊಂಡು, ಮೊದಲಿನಂತೆಯೇ ಬೆನ್ನು ತಟ್ಟಿ, ಬಾಯಿ ತೆರೆದಳು. ಅವನು ಕತ್ತೆತ್ತಿ ಒಳಗೆ ನೋಡಿದ. ಆಮೇಲೆ ಅವನ ರೆಪ್ಪೆ ಕೂಡಲೇ ಇಲ್ಲ. ಸತ್ತ ಮೇಲೂ ಮುಚ್ಚಲಾಗದೆ, ಕಣ್ಣು ಬಿಟ್ಟುಕೊಂಡಿದ್ದಂತೆಯೇ ಗೋರಿಗಿಟ್ಟರು ಎನ್ನುತ್ತಾರೆ.

ನೆತ್ತಿಯ ಬಂಡೆ ಬಾಯಿ ತೆರೆದಂತೆಯೇ ಕಲ್ಲಾದ ನಬೀಯೇ ಎನ್ನುತ್ತಾರೆ. ಅದರ ಬಾಯಲ್ಲಿ ಈಗಲೂ ಮಳೆನೀರು ನಿಂತಿರುತ್ತದೆ. ಹೆಂಗಸರು ಚಿಟಿಕೆ ಅಕ್ಕಿ ಹಾಕಿ ಕೈಮುಗಿಯುತ್ತಾರೆ. ನೋಡಲು ಬಂದವರ ಕೂಸು ಅಲ್ಲಿ ಅತ್ತು, ತಾಯಿ ಅದರ ಬಾಯಿ ಮುಚ್ಚಲು ಹೋದರೆ, ನಮ್ಮ ಮುದುಕಿಯರು ಅವಳ ಕೈ ಹಿಡಿದುಕೊಳ್ಳುತ್ತಾರೆ. “ಅಳಲಿ ಬಿಡವ್ವ, ಅದಕ್ಕಿನ್ನೂ ನಾಲಿಗೆ ಇದೆ.”