ಅರ್ಧ ಟಿಕೆಟಿನ ಎತ್ತರ

ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕೊಡೆ, ಬ್ಯಾಗು ರಿಪೇರಿ ಮಾಡುವ ತಿಪ್ಪೇಶ ಎಂಬೊಬ್ಬನಿದ್ದ. ದುಡ್ಡು ಉಳಿಸುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಸೊಪ್ಪು ಕೊಂಡರೆ ಕರಿಬೇವು ಪುಕ್ಕಟೆ ಹಾಕಿಸಿಕೊಳ್ಳದೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಹಾಗಂತ ಜಿಪುಣನೇನಲ್ಲ. ಮನೆಯವರಿಗೆ ಯಾವುದಕ್ಕೂ ಕಡಿಮೆ ಮಾಡಿದವನಲ್ಲ. ಅಗ್ಗದಲ್ಲಿ ಕೆಲಸ ಮುಗಿದ ದಿನ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು, ಅಷ್ಟೆ.

ಅವನಿಗೊಬ್ಬಳೇ ಮಗಳು, ಸಿಂಚನಾ. ಹಿಂದಿನ ವರ್ಷ ಶಾಲೆಯವರು ಮಕ್ಕಳನ್ನು ವಾಟರ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಅಲ್ಲೊಂದು ಭಾರೀ ಜಾರುಬಂಡೆ. ಮಹಡಿ ಮನೆಗಿಂತ ಎತ್ತರದಿಂದ ಸುತ್ತಿ ಸುತ್ತಿ ನೀರಿನ ಜೊತೆಗೇ ಕೆಳಗಿಳಿಯಬೇಕು. ಅದನ್ನು ಹತ್ತುವ ಕಡೆ ಒಂದು ಕಂಬ, ಕಂಬಕ್ಕೊಂದು ಕೆಂಪು ಗೆರೆ. ತಲೆ ಆ ಗೆರೆ ಮುಟ್ಟಿದರೆ ಮಾತ್ರ ಮೇಲಕ್ಕೆ ಬಿಡುತ್ತಾರೆ. ಸಿಂಚನಾಳ ತಲೆ ಮುಟ್ಟಲಿಲ್ಲ. ಗೆಳತಿಯರೆಲ್ಲ ಕಿರುಚುತ್ತಾ ಜಾರಿ ಬಂದರು. ಇವಳು ಅವರ ಚಪ್ಪಲಿ ಕಾಯುತ್ತಾ ಕೂತಿದ್ದಳು.

ಅಂದಿನಿಂದ ಉದ್ದವಾಗುವುದೇ ಅವಳಿಗೆ ಕೆಲಸವಾಯಿತು. ಬೇಡ ಬೇಡವೆನ್ನುತ್ತಿದ್ದ ಹಾಲನ್ನು ಮೂಗು ಹಿಡಿದುಕೊಂಡು ಕುಡಿದಳು. ಹಿತ್ತಲ ಸೀಬೆ ಕೊಂಬೆಗೆ ಜೋತುಬಿದ್ದಳು. ತಿಪ್ಪೇಶ ಆ ಕೆಂಪು ಗೆರೆಯ ಎತ್ತರವನ್ನು ಮೇಷ್ಟ್ರಿಂದ ಕೇಳಿ ತಿಳಿದು, ಮನೆಯ ಬಾಗಿಲ ಚೌಕಟ್ಟಿನಲ್ಲಿ ಅಷ್ಟಕ್ಕೇ ಒಂದು ಗೀಟು ಕೊರೆದಿದ್ದ. ಆಗಾಗ ಮಗಳು ಅಲ್ಲಿ ಬೆನ್ನು ಕೊಟ್ಟು ನಿಲ್ಲುವುದು, ಅಪ್ಪ ತಲೆಯ ಮೇಲೆ ಅಂಗೈ ಇಟ್ಟು ನೋಡುವುದು. ಬೇಸಿಗೆ ರಜೆಯ ಹೊತ್ತಿಗೆ ತಲೆ ಗೀಟನ್ನು ದಾಟಿತು. ಅವತ್ತು ಅವಳಿಗಿಂತ ಅವನೇ ಹೆಚ್ಚು ಹಿಗ್ಗಿದ. ವಾಟರ್ ಪಾರ್ಕಿಗೆ ಹೋಗಿಯೇ ಬಿಡೋಣ ಎಂದ.

ಹೋಗುವುದೇನೋ ಸರಿ, ತಿಪ್ಪೇಶ ಸುಮ್ಮನೆ ಹೋಗುವವನೇ? ಭಾನುವಾರ ಟಿಕೆಟ್ ಜಾಸ್ತಿಯೆಂದು ಮಂಗಳವಾರ ಅಂಗಡಿ ಮುಚ್ಚಿದ. ನೈಲಾನ್ ಬಟ್ಟೆ ಹಾಕದವರನ್ನು ನೀರಿಗೆ ಇಳಿಸುವುದಿಲ್ಲ, ಅಲ್ಲೇ ಬಾಡಿಗೆಗೆ ತೆಗೆದುಕೊಂಡರೆ ಬಾಯಿಗೆ ಬಂದ ರೇಟು ಎಂದು ಕೇಳಿದ್ದ. ಅಂಗಡಿಯಲ್ಲಿ ಬಿದ್ದಿದ್ದ ಹಳೇ ಕೊಡೆಗಳ ಬಟ್ಟೆ ಬಿಚ್ಚಿ ಮೂವರಿಗೂ ತಾನೇ ಹೊಲಿದ. ಮಗಳಿಗೆ ಹೂವಿನ ಕೆಂಪು ಕೊಡೆ, ಹೆಂಡತಿ ವನಜಾಕ್ಷಿಗೆ ನೀಲಿ, ತನಗೆ ಗಂಡಸರ ಕರೀ ಕೊಡೆ. ಅವನು ಹಾಕಿಕೊಂಡು ತೋರಿಸಿದಾಗ ವನಜಾಕ್ಷಿಗೆ ನಗು ತಡೆಯಲಾಗಲಿಲ್ಲ. “ಮಳೆ ಬಂದ್ರೆ ನಿಮ್ಮ ಕೆಳಗೇ ನಿಂತ್ಕೋತೀವಿ ಬಿಡ್ರಿ,” ಎಂದಳು. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲವಾದ್ದರಿಂದ ಗೇಟಿನ ಮುಂದಿನ ಹೊಂಗೆ ಮರದಡಿ ಕೂತು, ತಂದಿದ್ದ ಪುಳಿಯೋಗರೆಯನ್ನು ಹೊಟ್ಟೆ ಬಿರಿಯ ತಿಂದರು. ಅಷ್ಟರವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು.

ಟಿಕೆಟ್ ಕಿಟಕಿಯ ಪಕ್ಕದಲ್ಲೂ ಅದೇ ಎತ್ತರಕ್ಕೆ ಒಂದು ಗೆರೆ ಎಳೆದಿದ್ದರು. ಅದಕ್ಕಿಂತ ಕೆಳಗಿರುವ ಮಕ್ಕಳಿಗೆ ಅರ್ಧ ಟಿಕೆಟ್. ಗೆರೆ ಕಂಡದ್ದೇ ತಡ, ತಿಪ್ಪೇಶನ ತಲೆ ಓಡಿತು. ಮಗಳು ಗೆರೆಯನ್ನು ದಾಟಿದ್ದೇ ಒಂದಿಷ್ಟು. ಬಗ್ಗಿ ಅವಳ ಕಿವಿಯಲ್ಲಿ, “ಪುಟ್ಟಿ, ಒಂಚೂರು ಮಂಡಿ ಬಗ್ಸು. ತಲೆ ಗೆರೆ ಮುಟ್ಟಬಾರ್ದು,” ಎಂದ. ಸಿಂಚನಾ ಒಮ್ಮೆ ಅಪ್ಪನ ಮುಖ ನೋಡಿದಳು. ಆಮೇಲೆ ಉದ್ದ ಲಂಗದೊಳಗೆ ಮಂಡಿ ಬಗ್ಗಿಸಿದಳು. ವನಜಾಕ್ಷಿ ಹಿಂದಿದ್ದ ಜನರಿಗೆ ಕಾಣದ ಹಾಗೆ ಗಂಡನ ತೋಳು ಚಿವುಟಿದಳು. ಕಿಟಕಿಯವನು ದೊಡ್ಡವರ ಕೈಗೆ ನೀಲಿ ಪಟ್ಟಿ, ಮಗುವಿನ ಕೈಗೆ ಹಳದಿ ಪಟ್ಟಿ ಕಟ್ಟಿ, ಹಳದಿಯ ಬಗ್ಗೆ ಏನೋ ಹೇಳಿದ. ಉಳಿದ ದುಡ್ಡನ್ನು ಜೇಬಿನ ಒಳಕ್ಕೆ ಸೇರಿಸುತ್ತಿದ್ದ ತಿಪ್ಪೇಶನಿಗೆ ಅದು ಕೇಳಿಸಲಿಲ್ಲ.

ಬಟ್ಟೆ ಬದಲಿಸಿದ್ದೇ ಮೂವರೂ ದೊಡ್ಡ ಜಾರುಬಂಡೆಯ ಸಾಲಿನಲ್ಲಿ ನಿಂತರು. ಸಿಂಚನಾಳ ಸರದಿ ಬಂದಾಗ ಅಲ್ಲಿ ಕೆಲಸಕ್ಕಿದ್ದ ಹೆಂಗಸು ಅವಳ ಕೈ ನೋಡಿ ತಡೆದಳು. ಹಳದಿ ಪಟ್ಟಿಯವರಿಗೆ ಇದು ಇಲ್ಲ, ಮಗುವಿಗೆ ಎತ್ತರ ಸಾಲದು, ಚಿಕ್ಕ ಮಕ್ಕಳ ಕೊಳ ಆ ಕಡೆ ಇದೆ ಎಂದಳು.

ತಿಪ್ಪೇಶನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇಡೀ ವರ್ಷ ಈ ಕ್ಷಣಕ್ಕಾಗಿ ಕಾದ ಮಗು ಅದು. ಎತ್ತರ ಸಾಲದು ಎಂದರೇನು, ಮನೆಯಲ್ಲಿ ನಾನೇ ಅಳೆದಿದ್ದೇನೆ, ಬೇಕಾದರೆ ನೀವೂ ನಿಲ್ಲಿಸಿ ನೋಡಿ ಎಂದು ಪಟ್ಟು ಹಿಡಿದ. ಆಗಲಿ ಎಂದು ಆಕೆ ಸಿಂಚನಾಳನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿದಳು.

ಸಿಂಚನಾ ಮತ್ತೆ ಅಪ್ಪನ ಮುಖ ನೋಡಿದಳು. ನೋಡುತ್ತಲೇ ನಿಧಾನವಾಗಿ ಮಂಡಿ ಬಗ್ಗಿಸಿದಳು. ತಲೆ ಕೆಂಪು ಗೆರೆಯ ಕೆಳಗೆ ಇಳಿಯಿತು.

“ಯಾಕಮ್ಮಾ, ನೆಟ್ಟಗೆ ನಿಂತ್ಕೊ,” ಎಂದ ತಿಪ್ಪೇಶ.

ಅವಳು ಅವನಿಗಷ್ಟೇ ಕೇಳುವಂತೆ ಹೇಳಿದಳು: “ನೆಟ್ಟಗೆ ನಿಂತ್ರೆ ನೀನು ಸುಳ್ಳು ಹೇಳಿದ್ದು ಇವ್ರಿಗೆ ಗೊತ್ತಾಗುತ್ತಲ್ಲಪ್ಪಾ.”

ತಿಪ್ಪೇಶನ ಸಿಟ್ಟು ಅಲ್ಲಿಗೆ ಇಳಿಯಿತು. ಅವನಿಗೆ ನಾಚಿಕೆಯಾಯಿತು. ಮೇಲೆ ನೀರಿನ ಸದ್ದು, ಮಕ್ಕಳ ಕೇಕೆ. ಅದೆಲ್ಲವನ್ನೂ ಮಗಳು ಅಪ್ಪನ ಮರ್ಯಾದೆಗಾಗಿ ಬಿಟ್ಟುಕೊಡಲು ಹೊರಟಿದ್ದಾಳೆ. ಉದ್ದವಾಗಲೆಂದು ಬಾಗಿಲಲ್ಲಿ ಗೀಟು ಕೊರೆದವನೂ ತಾನೇ, ಕುಳ್ಳಾಗು ಎಂದವನೂ ತಾನೇ.

ಅವನು ಸಾಲಿನವರಿಗೆಲ್ಲ ಕೇಳುವ ಹಾಗೆಯೇ ಆ ಹೆಂಗಸಿಗೆ ಹೇಳಿದ: “ತಪ್ಪು ನಂದು ಕಣಮ್ಮ. ಮಗಳು ಎತ್ತರ ಇದಾಳೆ. ದುಡ್ಡಿನಾಸೆಗೆ ನಾನೇ ಬಗ್ಸಿದ್ದು.”

ಕರೀ ಕೊಡೆಯ ಚಡ್ಡಿಯಲ್ಲೇ, ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಟಿಕೆಟ್ ಕಿಟಕಿಗೆ ಹೋದ. ಕಟ್ಟಿದ ಪಟ್ಟಿಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಹೊಸದಾಗಿ ಪೂರ್ತಿ ಟಿಕೆಟ್ಟೇ ಕೊಳ್ಳಬೇಕು ಎಂದರು. ಅರ್ಧ ಉಳಿಸಲು ಹೋಗಿ ಒಂದೂವರೆ ಕೊಟ್ಟಂತಾಯಿತು. ತಿಪ್ಪೇಶ ಜನ್ಮದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ದುಡ್ಡು ಎಣಿಸಿದ.

ಸಿಂಚನಾ ಈ ಸಲ ಕಂಬಕ್ಕೆ ನೆಟ್ಟಗೆ ಒರಗಿ ನಿಂತಳು. ಆಮೇಲೆ ಕೆಂಪು ಕೊಡೆಯ ಬಟ್ಟೆ ಮಿಂಚುತ್ತಾ, ಕಿರುಚುತ್ತಾ ಜಾರಿ ಬಂದವಳು ನೀರಿನಲ್ಲಿ ಮುಳುಗಿ ಎದ್ದು, ಇನ್ನೊಂದು ಸಲ ಎಂದಳು. ಆಮೇಲೆ ಎಷ್ಟು ಸಲ ಜಾರಿದಳೋ ಲೆಕ್ಕವಿಲ್ಲ. ಊರಿಗೆ ಬಂದಾಗ ಆಟೋಗೆ ದುಡ್ಡು ಉಳಿದಿರಲಿಲ್ಲ. ಮೂವರೂ ಹರಟುತ್ತಾ ನಡೆದೇ ಮನೆ ಸೇರಿದರು. ಒಂದೂವರೆ ಟಿಕೆಟ್ ಕೊಟ್ಟ ಆ ರಾತ್ರಿಯೂ ತಿಪ್ಪೇಶನಿಗೆ ಒಳ್ಳೆಯ ನಿದ್ದೆಯೇ ಬಂತು.

ಮರುವಾರ ಪಕ್ಕದಂಗಡಿಯವನು ತಾನೂ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಖರ್ಚು ಉಳಿಸುವ ದಾರಿ ಹೇಳು ಎಂದು ಬಂದ. ತಿಪ್ಪೇಶ ಮಂಗಳವಾರ, ಕೊಡೆ ಬಟ್ಟೆ, ಪುಳಿಯೋಗರೆ ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದ. ಕೊನೆಗೆ, “ಗೆರೆ ಹತ್ರ ಮಾತ್ರ ಮಕ್ಕಳನ್ನ ನೆಟ್ಟಗೆ ನಿಲ್ಸಪ್ಪಾ,” ಎಂದ.

ನೀತಿ: ದುಡ್ಡು ಉಳಿಸುವುದು ಜಾಣತನ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಉಳಿತಾಯಕ್ಕಾಗಿ ಮಕ್ಕಳನ್ನು ಸುಳ್ಳಿಗೆ ಎಳೆಯಬಾರದು. ನಾವು ಮರೆತರೂ ಅವರು ಮರೆಯುವುದಿಲ್ಲ. ನಮ್ಮ ಮರ್ಯಾದೆ ಉಳಿಸಲು ತಮ್ಮ ಸಂತೋಷವನ್ನೇ ಬಿಟ್ಟುಕೊಡುತ್ತಾರೆ.