ತಿಜೋರಿ ಬಿಡದ ಬಿಲ್ಲೆ

ಹಂಚಿನ ಕಾರ್ಖಾನೆಯ ಧಣಿಯೊಬ್ಬ ಚಿಲ್ಲರೆ ಇಲ್ಲವೆಂದು ಕೂಲಿಗೆ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದ. ಅದು ನಡೆಯುತ್ತಿದ್ದುದು ಅವನದೇ ಅಂಗಡಿಯಲ್ಲಿ ಮಾತ್ರ. ಎಷ್ಟೋ ವರ್ಷಗಳ ಮೇಲೆ ಅಂಥ ಎರಡು ಬಿಲ್ಲೆಗಳು ಹಳೆಯ ನಾಣ್ಯ ಕೂಡಿಡುವವನೊಬ್ಬನ ಮೇಜಿಗೆ ಬಂದವು. ಅವನ ಪೆಟ್ಟಿಗೆಯಲ್ಲಿ ಒಂದಕ್ಕೇ ಜಾಗವಿತ್ತು.

"ಮುಖ ತೊಳೆದು ಬರಬಾರದಿತ್ತೇನಯ್ಯಾ?" ಎಂದಿತು ಹೊಳೆಯುವ ಬಿಲ್ಲೆ. "ನಾನು ಧಣಿಯ ತಿಜೋರಿ ಬಿಟ್ಟು ಕದಲಿದವನಲ್ಲ."

"ಹಂಚು ಹೊರುವ ದೇಯಕ್ಕ ಮಗುವಿನ ಜ್ವರಕ್ಕೆ ಔಷಧಿ ತರಲು ನನ್ನನ್ನು ಪೇಟೆಗೆ ಒಯ್ದಳು," ಎಂದಿತು ಸವೆದ ಬಿಲ್ಲೆ. "ಇದು ದುಡ್ಡೇ ಅಲ್ಲ ಎಂದು ಅಂಗಡಿಯವನು ಕಲ್ಲಿನ ಮೇಲೆ ಎಸೆದ. ಈ ತಗ್ಗು ಆಗಿನದು. ನನ್ನನ್ನು ಪೆಟ್ಟಿಗೆಯಲ್ಲಿಟ್ಟರೆ ಅದಾದರೂ ನಾಲ್ಕು ಜನಕ್ಕೆ ತಿಳಿದೀತು."

ನಾಣ್ಯ ಕೂಡಿಡುವವನು ತಗ್ಗು ನೋಡಿ ಆ ಬಿಲ್ಲೆಯನ್ನು ಗುಜರಿಗೆ ಹಾಕಿದ. ಹೊಳೆಯುವುದನ್ನು ಮಖಮಲ್ಲಿನ ಮೇಲಿಟ್ಟು ಕೆಳಗೆ ಬರೆದ: "ಕೂಲಿಯವರ ಕೈಯಲ್ಲಿ ಓಡಾಡಿದ ಬಿಲ್ಲೆ."