ಲಂಗರುಗೀರು

ತೆಂಕಣ ಕಡಲಿನ ಕೆಂಡಕುದ್ರು ಎಂಬ ದ್ವೀಪದಲ್ಲಿ, ಬೆಂಕಿಯುಗುಳಿ ತಣ್ಣಗಾದ ಬೆಟ್ಟವೊಂದಿದೆ. ಕೆಳಗೆ ತೆಂಗು, ಬೆವರಿಳಿಸುವ ಸೆಕೆ. ನೆತ್ತಿಯ ಬಳಿ ಬೋಳು ಕರಿಬಂಡೆ. ಆ ಬಂಡೆಯ ಮೈತುಂಬ ಒಂದೇ ದಿಕ್ಕಿಗೆ ಎಳೆದಂಥ ಉದ್ದುದ್ದ ಗೀರುಗಳು. ಅವುಗಳ ಮೇಲ್ತುದಿಯಲ್ಲಿ, ಸುತ್ತಲಿನ ಕಲ್ಲಿಗೆ ಬಣ್ಣದಲ್ಲೂ ಹೊಂದದ ಒಂಟಿ ಗುಂಡುಕಲ್ಲು. ಬಹು ಹಿಂದೆ ಹಿಮದ ರಾಶಿ ಜಾರಿ ಬಂಡೆಯನ್ನು ಕೆರೆಯಿತೆಂದು ಓದಿದವರು ಹೇಳುತ್ತಾರೆ. ಹೇಳಲಿ, ಜಗಳವಿಲ್ಲ. ಊರವರು ಮಾತ್ರ ಇದನ್ನು ಲಂಗರುಗೀರು ಎನ್ನುತ್ತಾರೆ.

ಹಿಂದೆ ಒಮ್ಮೆ ಆ ನೆತ್ತಿಯನ್ನು ಬಿಳಿಯ ಗಟ್ಟಿನೀರು ಕವಿದಿತ್ತಂತೆ. ಅದು ಕರಗಿ ಇಳಿದ ತೊರೆಯೊಂದೇ ಕೆಳಗಿನ ದೋಣಿಯವರಿಗೆ ಕುಡಿಯುವ ನೀರು. ವರ್ಷದಿಂದ ವರ್ಷಕ್ಕೆ ಬಿಳುಪು ಮೇಲಕ್ಕೆ ಸರಿಯಿತು, ತೊರೆ ಬಡವಾಯಿತು. ಕುದ್ರು ಬಿಡುವುದೆಂದು ಊರೆಲ್ಲ ದೋಣಿ ಸಜ್ಜುಮಾಡಿತು. ದೋಣಿಗಳ ಮುಖ್ಯಸ್ಥ ತಂಡೇಲ ಸಿರಿಯಣ್ಣನಿಗೆ ಮಾತ್ರ ಹೊರಡುವ ಹಾಗಿರಲಿಲ್ಲ. ಹೆಂಡತಿ ಪದ್ದು ಹಾಸಿಗೆ ಹಿಡಿದು ಎರಡು ವರ್ಷ; ತಿಂಗಳ ಕಡಲಪಯಣವನ್ನು ಆ ಜೀವ ತಾಳದು. ಅವನಿಗೆ ಗೊತ್ತಿದ್ದುದು ಒಂದೇ ವಿದ್ಯೆ, ಸರಿದುಹೋಗುವುದನ್ನು ಲಂಗರು ಹಾಕಿ ನಿಲ್ಲಿಸುವುದು. ಹಿಮಕ್ಕೆ ತೂತು ಕೊರೆದು, ಹಗ್ಗ ಪೋಣಿಸಿ, ಕಲ್ಲಿನ ಲಂಗರು ಕಟ್ಟಿದ. ವಾರ ಬಿಟ್ಟು ನೋಡಿದರೆ ಹಗ್ಗ ಕಳಚಿತ್ತು, ಹಿಮ ಮಾರುದ್ದ ಹಿಂದಕ್ಕೆ ಹೋಗಿತ್ತು, ತೆರವಾದ ಬಂಡೆಯ ಮೇಲೆ ಗೀರುಗಳಿದ್ದವು. ಲಂಗರು ಎಳೆದಾಡಿದ ಗುರುತು, ಭಾರ ಸಾಲದು ಎಂದುಕೊಂಡ ಪಾಪ. ಇನ್ನೂ ದೊಡ್ಡದು ಕಟ್ಟಿದ. ಇನ್ನೂ ಗೀರು ಕಂಡವು. ಕಡೆಗೆ ಊರವರ ಕೈಕಾಲು ಹಿಡಿದು, ತೀರದ ಗುಂಡನ್ನೇ ಮರದ ಉರುಳೆಗಳ ಮೇಲೆ ನೆತ್ತಿಗೇರಿಸಿದ.

“ಇದೊಂದ್ ನಿಂತ್ರೆ ಸಾಕ್ ಮಾರಾಯ್ತಿ,” ಎಂದ ಗುಡಿಸಲಿಗೆ ಬಂದು ಹೆಂಡತಿಯ ತಲೆ ಸವರುತ್ತ.

“ಹ್ವಾಯ್, ಅದ್ ನಿಲ್ಲುದಲ್ಲ. ನೀವ್ ಮಕ್ಕಳೊಟ್ಟಿಗೆ ಹೋಯ್ನಿ,” ಎಂದಳು ಪದ್ದು.

ಮಕ್ಕಳನ್ನಷ್ಟೇ ದೋಣಿ ಹತ್ತಿಸಿದ, ತಾನು ಹೋಗಲಿಲ್ಲ. ದೋಣಿಗಳು ಹೊರಟ ದಿನ ಬೆಟ್ಟ ಹತ್ತಿದಾಗ, ಗುಂಡಿನ ನೆರಳಲ್ಲಿ ಒಂದು ಕೊಡದಷ್ಟೇ ಹಿಮ ಹಗ್ಗಕ್ಕೆ ಅಂಟಿಕೊಂಡು ಉಳಿದಿತ್ತು. ತೊರೆ ಬತ್ತಿತ್ತು, ಪದ್ದು ಬೆಳಗಿನಿಂದ ನೀರು ಕೇಳುತ್ತಿದ್ದಳು. ಹಿಮವನ್ನು ಎದೆಗವಚಿಕೊಂಡು ಓಡಿದ. ಅವನ ಮೈಶಾಖಕ್ಕೇ ಅದು ಕರಗುತ್ತಿತ್ತು, ಬಿಡುವಂತಿಲ್ಲ, ಹಿಡಿಯುವಂತಿಲ್ಲ. ಗುಡಿಸಲು ಮುಟ್ಟುವಾಗ ಕೈಯಲ್ಲಿ ಒದ್ದೆ ಹಗ್ಗವೊಂದೇ ಇತ್ತು. ಅದನ್ನೇ ಹಿಂಡಿ ಅವಳ ಬಾಯಿಗೆ ಬಿಟ್ಟ. ಮೂರು ಹನಿ ಬಿದ್ದವು ಎನ್ನುತ್ತಾರೆ.

ಎಷ್ಟೋ ಕಾಲದ ಮೇಲೆ ಮಳೆನೀರು ಹಿಡಿದಿಡಲು ಕಲಿತು ಮರಳಿದವರ ಸಂತತಿ ಈಗ ಅಲ್ಲಿದೆ. ಬೆಟ್ಟ ಹತ್ತಿದವರು ಇಂದಿಗೂ ಗುಂಡಿನ ಬುಡದ ಗೀರಿಗೆ ಪದ್ದುವಿಗೆಂದು ಒಂದು ಬೊಗಸೆ ಕುಡಿಯುವ ನೀರು ಬಿಡುತ್ತಾರೆ. ನೀರು ಗೀರು ಹಿಡಿದು ಊರಿನ ಕಡೆಗೇ ಇಳಿಯುತ್ತದೆ. ಬಿಸಿಲಿಗೆ ಕಾದ ಬಂಡೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಆರಿಹೋಗುತ್ತದೆ.